ಅಪ್‌ಡೇಟ್: ಕೂರ್ಶವೆಲ್ ಬದಲು ಸಿಯೋನ್‌ಗೆ ಹೋಗಿಬಂದೆವು
ಸೆಸ್ನಾ 172 (ಒಂದೇ ಇಂಜಿನ್‌ನ ಸಣ್ಣ ವಿಮಾನ) ತಗೊಂಡು ಸ್ಕೀಯಿಂಗ್‌ಗೆ ನೇರ ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಕೂರ್ಶವೆಲ್‌ನಲ್ಲೇ ಇಳಿಯಬಹುದಾ ಅಂತ ಕೇಳಿದ್ದೆ ಅಲ್ವಾ, ನೀವು ಬೈದಿದ್ದು ಸರಿಯಾಗೇ ಇತ್ತು. 537 ಮೀಟರ್ ರನ್‌ವೇ, ಅದೂ ಸುಮಾರು 18.6 ಪರ್ಸೆಂಟ್ ಏರು, ಮೇಲಾಗಿ ಪೈಲಟ್‌ಗೆ ಬೇರೆ ತರಬೇತಿ ಬೇಕು. ಬಿಟ್ಟೆ.

ಸ್ವಿಟ್ಜರ್ಲೆಂಡ್‌ನ ಲೋಸಾನ್‌ನಿಂದ ಹೊರಟು, ಜಿನೀವಾ ಸರೋವರ ದಾಟಿ, ರೋನ್ ನದಿಯ ಕಣಿವೆ ಹಿಡಿದು ಅದೇ ದೇಶದ ಸಿಯೋನ್‌ಗೆ ಹೋದೆವು. ಫೋನ್ ಗಾಳಿ (ಮೊಬೈಲ್ ಅಲ್ಲ, ಬೆಟ್ಟ ಇಳಿದು ಬರುವ ಬೆಚ್ಚನೆಯ ಬಿರುಗಾಳಿ) ಬೀಸುತ್ತೆ ಅಂದಿದ್ದಕ್ಕೆ ಒಂದು ದಿನ ಸುಮ್ನೆ ಕೂತೆವು. ಸೀಟು ನಾಲ್ಕಿದ್ದರೂ ಹೋದದ್ದು ಇಬ್ಬರೇ. ಟ್ಯಾಂಕ್ ತುಂಬಿಸಿ ನಾಲ್ಕು ಜನ, ಸಾಮಾನು ಅಂದ್ರೆ ತೂಕ ಜಾಸ್ತಿ ಆಗುತ್ತೆ. ಸ್ಕೀ ಅಲ್ಲೇ ಬಾಡಿಗೆಗೆ ತಗೊಂಡೆವು.

ವಾಪಸ್ ಹೊರಡುವ ಬೆಳಿಗ್ಗೆ ರೆಕ್ಕೆ ಮೇಲೆ ತೆಳ್ಳಗೆ ಹಿಮ, ಮುಟ್ಟಿದರೆ ಥೇಟ್ ಉಪ್ಪುಕಾಗದ. ಅದನ್ನು ಪೂರ್ತಿ ತೆಗೆದು, ಇಂಜಿನ್‌ಗೆ ಬಿಸಿಗಾಳಿ ಕೊಟ್ಟು ಸ್ಟಾರ್ಟ್ ಮಾಡುವಷ್ಟರಲ್ಲಿ ಒಂದೂವರೆ ಗಂಟೆ ಹೋಯ್ತು, ಬೆರಳೂ ಮರಗಟ್ಟಿತ್ತು.