ಸಹಾಯ ಬೇಕು: ಅಡುಗೆಮನೆ ಕಟ್ಟೆ ಹಿಂದಿನ ಗ್ರಾನೈಟ್ ಪಟ್ಟಿ ಕೀಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೈಸೂರು ಕುವೆಂಪುನಗರದಲ್ಲಿ ನಮ್ಮದು ಹಳೇ ಮನೆ. ಅಡುಗೆಮನೆ ಕಟ್ಟೆ ಹಿಂದೆ ಗೋಡೆಗೆ 4 ಇಂಚಿನ ಗ್ರಾನೈಟ್ ಪಟ್ಟಿ ಅಷ್ಟೇ ಇದೆ, ಮೇಲೆಲ್ಲಾ ಬರೀ ಪೇಂಟು. ಒಗ್ಗರಣೆ ಜಿಡ್ಡು ಎಷ್ಟು ಉಜ್ಜಿದರೂ ಹೋಗಲ್ಲ. ಅಮ್ಮ ದಿನಾ ಒದ್ದೆ ಬಟ್ಟೆ ಹಿಡಿದು ಒದ್ದಾಡೋದು ನೋಡೋಕಾಗಲ್ಲ. ಪಟ್ಟಿ ಕಿತ್ತು 2 ಅಡಿ ಟೈಲ್ಸ್ ಹಾಕಿಸಬೇಕು ಅಂತಿದ್ದೀನಿ.

ಮೇಲಿನ ಸಂದು ಬ್ಲೇಡಲ್ಲಿ ಕೊಯ್ದು, ಉಳಿ ಇಟ್ಟು ಮೆಲ್ಲಗೆ ತಟ್ಟಿದೆ. ಗಾರೆ ಉದುರಿತೇ ಹೊರತು ಪಟ್ಟಿ ಅಲ್ಲಾಡಲಿಲ್ಲ. ಸಿಮೆಂಟಲ್ಲಿ ಕೂರಿಸಿದ್ದಾರೆ. ಒಬ್ಬ ಮೇಸ್ತ್ರಿ, ಕಿತ್ತರೆ ಸಿಂಕ್ ಹತ್ರ ಕಟ್ಟೆ ಕಲ್ಲೇ ಬಿರುಕು ಬಿಡುತ್ತೆ, ಪಟ್ಟಿ ಮೇಲಿಂದ ಟೈಲ್ಸ್ ಶುರು ಮಾಡಿ ಅಂತಾರೆ. ಇನ್ನೊಬ್ಬರು, ಆ ಅಂಚಲ್ಲಿ ಜಿಡ್ಡು ಕೂರುತ್ತೆ, ಕಿತ್ತೇ ಹಾಕಿ ಅಂತಾರೆ.

ಕಟ್ಟೆ ಕಲ್ಲು ಒಡೆಯದ ಹಾಗೆ ಪಟ್ಟಿ ಕೀಳಿಸಿದವರು ಇದ್ದೀರಾ? ಕೆಳಗಿನ ಸಂದನ್ನೂ ಮೊದಲೇ ಕೊಯ್ಯಬೇಕಾ, ಇಲ್ಲಾ ಪಟ್ಟಿ ಬಿಟ್ಟೇಬಿಡೋದು ವಾಸಿನಾ?