ಹಿಪ್ಪುನೇರಳೆ, ದ್ರಾಕ್ಷಿಯ ರಸವನ್ನು ಮನೆಯಲ್ಲೇ ತೆಗೆಯುವುದು ಹೇಗೆ?

ಪ್ರಶ್ನೆ (ಶಿಡ್ಲಘಟ್ಟ):
ರೇಷ್ಮೆ ತೋಟದ ಬದುವಿನಲ್ಲಿ ಸವರದೆ ಬಿಟ್ಟಿರುವ ಹಿಪ್ಪುನೇರಳೆ ಮರಗಳು ಈ ಬಾರಿ ಕಪ್ಪಗೆ ಹಣ್ಣಾಗಿವೆ. ಕಿತ್ತ ಹಣ್ಣು ಒಂದೆರಡು ದಿನಗಳಲ್ಲೇ ನೀರೊಡೆದು ಹುಳಿಯಾಗುವುದರಿಂದ ರಸ ತೆಗೆದಿಡಬೇಕೆಂದಿದ್ದೇನೆ. ಮಿಕ್ಸಿಯಲ್ಲಿ ರುಬ್ಬಿದರೆ ರಸ ಮಂದವಾಗಿ ನೊರೆ ಕಟ್ಟುತ್ತದೆ. ತಿಳಿಯಾದ ರಸ ಪಡೆಯುವ ಬಗೆಯನ್ನು ಬಲ್ಲವರು ದಯವಿಟ್ಟು ತಿಳಿಸಿ. ದ್ರಾಕ್ಷಿಗೂ ಅದೇ ವಿಧಾನ ಸಾಕೇ?

ಉತ್ತರ (ಚಿಕ್ಕಬಳ್ಳಾಪುರ):
ಎರಡಕ್ಕೂ ಒಂದೇ ವಿಧಾನ ಸಾಕು, ಆದರೆ ಮಿಕ್ಸಿ ಬೇಡ. ಅದರಲ್ಲಿ ದ್ರಾಕ್ಷಿಯ ಬೀಜವೂ ಒಡೆದು ರಸಕ್ಕೆ ಒಗರು ಸೇರುತ್ತದೆ. ನಮ್ಮ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಯ ತಿರುಳಿಗೆ ಬಣ್ಣವಿಲ್ಲ. ಬಣ್ಣವೆಲ್ಲ ಸಿಪ್ಪೆಯಲ್ಲಿರುವುದರಿಂದ, ಬರಿದೆ ಹಿಂಡುವುದಕ್ಕಿಂತ ಹದವಾಗಿ ಬಿಸಿ ಮಾಡುವುದೇ ಮುಖ್ಯ. ತೊಳೆದು ತೊಟ್ಟು ಬಿಡಿಸಿದ ಹಣ್ಣನ್ನು ಸ್ಟೀಲ್ ಪಾತ್ರೆಗೆ ಹಾಕಿ, ಮಸೊಪ್ಪು ಮಸೆಯುವ ಕಡೆಗೋಲಿನಿಂದ ಮೆಲ್ಲಗೆ ಒತ್ತಿ, ಸಣ್ಣ ಉರಿಯಲ್ಲಿ 10ರಿಂದ 15 ನಿಮಿಷ ಕೈಯಾಡಿಸುತ್ತಿದ್ದರೆ ಸಿಪ್ಪೆ ಬಣ್ಣ ಬಿಡುತ್ತದೆ. ಕುದಿ ಬರಿಸಬೇಡಿ, ಕುದಿದರೆ ತಾಜಾ ಹಣ್ಣಿನ ಪರಿಮಳ ಹೋಗುತ್ತದೆ. ಬಳಿಕ ಒದ್ದೆ ಮಾಡಿದ ತೆಳು ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ, ಕೆಳಗೆ ಪಾತ್ರೆಯಿಟ್ಟು ಮೂರು ನಾಲ್ಕು ಗಂಟೆ ತೂಗುಹಾಕಿ. ಗಂಟನ್ನು ಹಿಂಡಿದರೆ ರಸ ಹೆಚ್ಚು ಸಿಗುವುದು ನಿಜ, ಆದರೆ ತಿಳಿ ಕೆಡುತ್ತದೆ. ಹಿಂಡಿದ್ದನ್ನು ಬೇರೆಯಾಗಿಟ್ಟು ಜಾಮಿಗೆ ಬಳಸುವುದು ಮೇಲು. ದ್ರಾಕ್ಷಿರಸವನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಅದರಲ್ಲಿನ ಟಾರ್ಟಾರಿಕ್ ಆಮ್ಲದ ಲವಣ ಹರಳುಗಟ್ಟಿ ತಳ ಸೇರುತ್ತದೆ. ಅಲುಗಿಸದೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ.

ಉತ್ತರ (ಕೋಲಾರ):
ನೀರಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹಿಪ್ಪುನೇರಳೆಯಲ್ಲೇ ರಸ ಧಾರಾಳವಾಗಿರುವುದರಿಂದ ತಳ ಹಿಡಿಯದಷ್ಟು ನೀರು ಸಾಕು. ನಮ್ಮ ಜಿಲ್ಲೆಗಳ ಬೋರ್‌ವೆಲ್ ನೀರು ಬಹುಮಟ್ಟಿಗೆ ಗಡಸು. ಕ್ಷಾರವಿರುವ ನೀರು ಸೇರಿದರೆ ಕೆಂಪು ರಸ ನೀಲಿಗೆ ತಿರುಗಿ ಮಂಕಾಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಬಳಸಿ, ಕೊನೆಯಲ್ಲಿ ಸ್ವಲ್ಪ ನಿಂಬೆರಸ ಹಿಂಡಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ಮಾಡಬೇಡಿ, ಹುಳಿ ಅದನ್ನು ತಿನ್ನುತ್ತದೆ.

ಒಲೆಯ ಗೋಜೇ ಬೇಡವೆಂದರೆ, ಹಣ್ಣನ್ನು ರಾತ್ರಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಬೆಳಿಗ್ಗೆ ಜರಡಿಯಲ್ಲಿ ಹಾಕಿ ಫ್ರಿಜ್ಜಿನಲ್ಲೇ ಕರಗಲು ಬಿಡಿ. ಒಳಗಿನ ನೀರು ಮಂಜುಗಟ್ಟುವಾಗ ಜೀವಕೋಶಗಳನ್ನು ಒಡೆದಿರುವುದರಿಂದ ರಸ ತಾನಾಗಿ ಇಳಿಯುತ್ತದೆ.

ಉತ್ತರ (ತುಮಕೂರು):
ನೇರಳೆ ಹಣ್ಣಿಗೂ ಇದನ್ನೇ ಮಾಡಬಹುದು. ಮೊದಲು ಕೈಯಿಂದ ಕಿವುಚಿ ಬೀಜ ಬೇರ್ಪಡಿಸಬೇಕು, ಅಷ್ಟೇ. ಬಿಸಿ ಮಾಡದ ರಸವನ್ನು ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಹೆಚ್ಚು ಕಾಲ ಬೇಕಿದ್ದರೆ ಫ್ರೀಜರಿನಲ್ಲಿಡಿ, ಆದರೆ ಹೆಪ್ಪುಗಟ್ಟುವಾಗ ರಸ ಹಿಗ್ಗುವುದರಿಂದ ಡಬ್ಬಿಯ ಮೇಲ್ಭಾಗದಲ್ಲಿ ಎರಡು ಬೆರಳಿನಷ್ಟು ಜಾಗ ಬಿಡಿ.