ಲರೆಡೋ ಸೇತುವೆ ದಾಟುವ ಟ್ರಕ್‌ಗಳು ಮತ್ತು ನಮ್ಮ ಗುಂಪಿನ ಜಗಳ

ಎಲ್ಲರಿಗೂ ನಮಸ್ಕಾರ.

ಮೆಕ್ಸಿಕೋ ಟ್ರಕ್‌ಗಳನ್ನು ಗಡಿ ದಾಟಿ ಅಮೆರಿಕದ ಒಳಗೆ ಬಿಡಬೇಕೋ ಬೇಡವೋ ಅಂತ ಈ ವಾರ ನಮ್ಮ ಟೆಕ್ಸಸ್ ಕನ್ನಡಿಗರ ಗುಂಪಿನಲ್ಲಿ ನಡೆದ ಜಗಳವನ್ನು ಪೂರ್ತಿ ಓದಿದೆ. ಹ್ಯೂಸ್ಟನ್ ಅಣ್ಣನವರು ಫ್ಲೋರಿಡಾದ ಒಂದು ಟ್ರಕ್ ಅಪಘಾತದ ಸುದ್ದಿ ಹಾಕಿ, "ಮಗಳು ಈಗಷ್ಟೇ ಡ್ರೈವಿಂಗ್ ಕಲೀತಿದ್ದಾಳೆ, ಹೊರದೇಶದ ಡ್ರೈವರ್‌ಗಳು ನಮ್ಮ ಹೈವೇಗೆ ಬೇಡವೇ ಬೇಡ" ಅಂದರು. ಆಸ್ಟಿನ್ ಅಕ್ಕ, "ಹಾಗಾದ್ರೆ ನಾವು ಯಾವ ದೇಶದವರು ಅಣ್ಣ?" ಅಂತ ಕೇಳಿದರು. ಅಲ್ಲಿಂದ ಮಾತು ದಾರಿ ತಪ್ಪಿ ಗ್ರೀನ್ ಕಾರ್ಡ್ ಸಾಲಿನ ತನಕ ಹೋಯಿತು. ನಾನು ಸ್ಯಾನ್ ಆಂಟೋನಿಯೋದಲ್ಲಿ ಸರಕು ಸಾಗಣೆಯ ಸಾಫ್ಟ್‌ವೇರ್ ನೋಡಿಕೊಳ್ಳುವವಳು. ಯಾವ ಟ್ರೇಲರ್ ಯಾವ ಯಾರ್ಡಿನಲ್ಲಿ ನಿಂತಿದೆ, ಯಾಕೆ ನಿಂತಿದೆ ಅನ್ನುವುದೇ ದಿನವಿಡೀ ನನ್ನ ತಲೆನೋವು. ಹಾಗಾಗಿ ನನ್ನದೂ ಎರಡು ಮಾತು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನಾವು ಮೂರು ಬೇರೆ ಬೇರೆ ಬಗೆಯ ಜನರನ್ನು ಒಟ್ಟಿಗೆ ಸೇರಿಸಿ ಬೈಯುತ್ತಿದ್ದೇವೆ. ಮೆಕ್ಸಿಕೋ ಕಂಪನಿಯ ಡ್ರೈವರ್ ಅಲ್ಲಿಂದ ಸರಕು ತಂದು, ಇಳಿಸಿ, ವಾಪಸ್ ಹೋಗುತ್ತಾನೆ. ಅವನು ಬರುವುದು ವ್ಯವಹಾರಕ್ಕೆಂದು ಬಂದು ಹೋಗುವವರ ಬಿ-1 ವೀಸಾದಲ್ಲಿ. ಡಲ್ಲಾಸ್‌ನಲ್ಲಿ ತುಂಬಿಸಿ ಅಟ್ಲಾಂಟಾದಲ್ಲಿ ಇಳಿಸುವ ಹಾಗಿಲ್ಲ. ಅದು ಇಲ್ಲಿನ ಡ್ರೈವರ್‌ಗಳ ಕೆಲಸ, ಕಾನೂನೇ ಹಾಗಿದೆ. ಇನ್ನೊಬ್ಬ ಇಲ್ಲೇ ವಾಸವಿದ್ದು, ವರ್ಕ್ ಪರ್ಮಿಟ್ ತೋರಿಸಿ ಯಾವುದೋ ರಾಜ್ಯದಲ್ಲಿ ಟ್ರಕ್ ಲೈಸೆನ್ಸ್ ಪಡೆದವನು. ಮತ್ತೊಬ್ಬ ಗ್ರೀನ್ ಕಾರ್ಡೋ ಸಿಟಿಜನ್‌ಶಿಪ್ಪೋ ಇದ್ದವನು, ಭಾಷೆ ಮಾತ್ರ ಬೇರೆ. ಈ ಮೂವರಿಗೂ ನಿಯಮ ಬೇರೆ, ಸಮಸ್ಯೆ ಬೇರೆ. ಗಡಿ ಮುಚ್ಚಿದರೆ ಮೊದಲನೆಯವನು ಮಾತ್ರ ನಿಲ್ಲುತ್ತಾನೆ. ಅಣ್ಣನವರು ಹಾಕಿದ್ದ ಅಪಘಾತದ ಸುದ್ದಿಯಲ್ಲಿ ಇದ್ದವನು ಅವನಲ್ಲವೇ ಅಲ್ಲ.

ಈ ಜಗಳ ಈಗಿನದೂ ಅಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ ವ್ಯಾಪಾರದ ನಾಫ್ಟಾ ಒಪ್ಪಂದ 1994ರ ಜನವರಿ 1ಕ್ಕೆ ಜಾರಿಯಾಯಿತು. ಅದರ ಪ್ರಕಾರ 1995ರ ಡಿಸೆಂಬರ್‌ನಿಂದ ಗಡಿ ರಾಜ್ಯಗಳಲ್ಲಿ, 2000ದಿಂದ ಇಡೀ ಅಮೆರಿಕದಲ್ಲಿ ಮೆಕ್ಸಿಕೋ ಟ್ರಕ್‌ಗಳು ಓಡಾಡಬಹುದಿತ್ತು. ದಿನ ಬಂತು, ಕ್ಲಿಂಟನ್ ಸರ್ಕಾರ ಸುರಕ್ಷತೆಯ ಕಾರಣ ಕೊಟ್ಟು ತಡೆಯಿತು. ಡ್ರೈವರ್‌ಗಳ ಯೂನಿಯನ್ ಟೀಮ್‌ಸ್ಟರ್ಸ್ ಇದರ ಕಡು ವಿರೋಧಿಯಾಗಿತ್ತು. ಮೆಕ್ಸಿಕೋ ತಕರಾರು ತೆಗೆಯಿತು. 2001ರಲ್ಲಿ ನಾಫ್ಟಾ ಪಂಚಾಯ್ತಿಯ ಮಂಡಳಿ, ಅಮೆರಿಕ ಮಾತು ಮುರಿದಿದೆ ಎಂದು ಒಮ್ಮತದ ತೀರ್ಪು ಕೊಟ್ಟಿತು. 2004ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ ಬಂತು. ಬುಷ್ ಸರ್ಕಾರ 2007ರಲ್ಲಿ ಪ್ರಯೋಗಕ್ಕೆಂದು ಕೆಲವು ಕಂಪನಿಗಳನ್ನು ಬಿಟ್ಟಿತು. 2009ರ ಮಾರ್ಚ್‌ನಲ್ಲಿ ಇಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಅದಕ್ಕೂ ದುಡ್ಡು ನಿಲ್ಲಿಸಿತು.

ಆಮೇಲೆ ನಡೆದದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ. ಮೆಕ್ಸಿಕೋ ಸಿಟ್ಟಿನಿಂದ ಸುಮಾರು 240 ಕೋಟಿ ಡಾಲರ್ ಬೆಲೆಯ ಅಮೆರಿಕನ್ ಸರಕಿನ ಮೇಲೆ ಸುಂಕ ಹಾಕಿತು. ಪಟ್ಟಿಯಲ್ಲಿ ಟ್ರಕ್ ಕಂಪನಿಗಳಿಗೆ ಸಂಬಂಧಪಟ್ಟದ್ದು ಏನೂ ಇರಲಿಲ್ಲ. ವಾಷಿಂಗ್ಟನ್ ರಾಜ್ಯದ ಫ್ರೆಂಚ್ ಫ್ರೈಸ್, ಪಿಯರ್ ಹಣ್ಣು, ಆರೆಗಾನ್‌ನ ಕ್ರಿಸ್‌ಮಸ್ ಮರ! ಗಡಿಯನ್ನೇ ನೋಡದ ರೈತರು ಎರಡೂವರೆ ವರ್ಷ ಅನುಭವಿಸಿದರು. 2011ರಲ್ಲಿ ಒಬಾಮಾ ಸರ್ಕಾರ ಮತ್ತೆ ಒಪ್ಪಂದ ಮಾಡಿಕೊಂಡಿತು. ಅದೇ ಅಕ್ಟೋಬರ್‌ನಲ್ಲಿ ಮೊದಲ ಟ್ರಕ್ ಟೆಕ್ಸಸ್‌ನ ಗಡಿ ಊರು ಲರೆಡೋದಲ್ಲಿ ಸೇತುವೆ ದಾಟಿ ಡಲ್ಲಾಸ್ ಪಕ್ಕದ ಗಾರ್ಲೆಂಡ್‌ಗೆ ಹೊರಟಿತು. ನಮ್ಮ ಗುಂಪಿನ ಎಷ್ಟೋ ಮನೆಗಳು ಅಲ್ಲೇ ಸುತ್ತಮುತ್ತ ಇವೆ.

ಇಷ್ಟೆಲ್ಲಾ ಗಲಾಟೆ ಆದಮೇಲೆ ಟ್ರಕ್‌ಗಳ ಪ್ರವಾಹವೇ ಹರಿದು ಬಂತು ಅಂದುಕೊಂಡಿರಾ? 2011ರಲ್ಲಿ ಮತ್ತೆ ಶುರುವಾದ ಮೂರು ವರ್ಷದ ಪ್ರಯೋಗಕ್ಕೆ ಸೇರಿದ್ದು ಬರೀ 15 ಕಂಪನಿಗಳು. ಇಷ್ಟು ಕಡಿಮೆ ಲೆಕ್ಕದಿಂದ ಸುರಕ್ಷತೆಯ ಬಗ್ಗೆ ಏನೂ ಹೇಳಲಾಗದು ಎಂದು ಸಾರಿಗೆ ಇಲಾಖೆಯ ತನಿಖಾಧಿಕಾರಿಗಳೇ ಬರೆದರು. 2015ರಿಂದ ಬಾಗಿಲು ಎಲ್ಲರಿಗೂ ತೆರೆದಿದೆ. ಆದರೂ ದೊಡ್ಡ ಪಾಲು ಸರಕು ಇವತ್ತಿಗೂ ಹಳೇ ಪದ್ಧತಿಯಲ್ಲೇ ದಾಟುತ್ತದೆ. ಆ ಹಳೇ ಪದ್ಧತಿ ಗೊತ್ತಾದರೆ ಜಗಳದ ಅರ್ಧ ಕಾವು ಇಳಿದೀತು.

ಮೆಕ್ಸಿಕೋದ ಮಾಂಟೆರ್ರೆಯಿಂದ ಕಾರಿನ ಬಿಡಿಭಾಗ ತುಂಬಿದ ಟ್ರೇಲರ್ ಒಂದು ಬರುತ್ತದೆ ಅಂತಿಟ್ಟುಕೊಳ್ಳಿ. ಎಳೆದು ತಂದ ಟ್ರಾಕ್ಟರ್, ಅಂದರೆ ಟ್ರಕ್ಕಿನ ಎಂಜಿನ್ ಇರುವ ಮುಂಭಾಗ, ಮೆಕ್ಸಿಕೋ ದಡದ ನುಎವೋ ಲರೆಡೋದ ಯಾರ್ಡಿನಲ್ಲಿ ಅದನ್ನು ಕಳಚಿ ಹೋಗುತ್ತದೆ. ಇನ್ನೊಂದು ಟ್ರಾಕ್ಟರ್ ಬಂದು ಕೊಕ್ಕೆ ಹಾಕಿಕೊಳ್ಳುತ್ತದೆ. ಇದಕ್ಕೆ ಅಲ್ಲಿ 'ಟ್ರಾನ್ಸ್‌ಫರ್' ಅಂತಲೇ ಹೆಸರು. ಅದರ ಕೆಲಸ ಸೇತುವೆ ದಾಟಿಸುವುದು, ಅಷ್ಟೇ. ವರ್ಲ್ಡ್ ಟ್ರೇಡ್ ಸೇತುವೆಯ ಮೇಲೆ ಕಾರುಗಳಿಲ್ಲ, ಬರೀ ಟ್ರಕ್‌ಗಳು. ಜುಲೈ ಬಿಸಿಲಲ್ಲಿ ಎಂಜಿನ್ ಆರಿಸದೆ ಸಾಲಿನಲ್ಲಿ ತೆವಳುತ್ತವೆ. ಮೊದಲು ಕಸ್ಟಮ್ಸ್, ಸಂಶಯ ಬಂದರೆ ಎಕ್ಸ್‌ರೇ, ಆಮೇಲೆ ಟೆಕ್ಸಸ್ ರಾಜ್ಯದವರ ಬ್ರೇಕು-ಟೈರು ತಪಾಸಣೆ. ಈಚೆ ದಡದ ಯಾರ್ಡಿನಲ್ಲಿ ಟ್ರೇಲರ್ ಬಿಟ್ಟು ಟ್ರಾನ್ಸ್‌ಫರ್ ಗಾಡಿ ಎಷ್ಟೋ ಸಲ ಖಾಲಿಯೇ ವಾಪಸ್ ಹೋಗುತ್ತದೆ. ಮೂರನೆಯ ಟ್ರಾಕ್ಟರ್, ಅಮೆರಿಕನ್ ಡ್ರೈವರ್, ಐ-35 ಹೆದ್ದಾರಿ ಹಿಡಿದು ಉತ್ತರಕ್ಕೆ. ಅತ್ತಿಬೆಲೆಯಲ್ಲಿ ತಮಿಳುನಾಡಿನ ಪ್ರತಿ ಲಾರಿಯನ್ನೂ ನಿಲ್ಲಿಸಿ, ಎಂಜಿನ್ ಎರಡು ಸಲ ಬದಲಾಯಿಸಿ ಬೆಂಗಳೂರಿಗೆ ಬಿಟ್ಟರೆ ಹೇಗಿರುತ್ತದೆ, ಹಾಗೆ.

ಸುಮ್ನೆ ದಂಡ ಅನ್ನಿಸುತ್ತದೆ ಅಲ್ವಾ? ನನಗೂ ಅನ್ನಿಸುತ್ತದೆ. ಆದರೆ ಈ ಮೂರು ಕೈಗಳ ನಡುವೆ ಎರಡೂ ದಡದಲ್ಲಿ ಎಷ್ಟೋ ಸಂಸಾರಗಳು ನಡೆಯುತ್ತವೆ. ಕಸ್ಟಮ್ಸ್ ಕಾಗದಪತ್ರ ನೋಡಿಕೊಳ್ಳುವ ಬ್ರೋಕರ್, ಯಾರ್ಡಿನವರು, ಟ್ರಾನ್ಸ್‌ಫರ್ ಮಾಲೀಕರು. ಅವರಿಗೆ ಬದಲಾವಣೆ ಬೇಕಿಲ್ಲ. ಮೆಕ್ಸಿಕೋ ಕಂಪನಿಗೂ ಶಿಕಾಗೋ ತನಕ ಹೋಗಿ ಬರುವುದು ಅಷ್ಟೇನೂ ಲಾಭವಲ್ಲ. ಇಲ್ಲಿನ ವಿಮೆ ಮಾಡಿಸಬೇಕು, ಸಾಮಾನ್ಯ ಸರಕಿಗೇ ಕನಿಷ್ಠ ಏಳೂವರೆ ಲಕ್ಷ ಡಾಲರಿನದು. ವಾಪಸ್ ಬರುವಾಗ ಮೆಕ್ಸಿಕೋಗೇ ಹೋಗುವ ಸರಕು ಸಿಗಬೇಕು, ಇಲ್ಲದಿದ್ದರೆ ಖಾಲಿ ಗಾಡಿ ಓಡಿಸಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಬರಲಿ ಬಿಡಿ. ಇಲ್ಲಿನ ಟ್ರಕ್ಕಿಗಿರುವ ನಿಯಮಗಳೇ ಅದಕ್ಕೂ ಇರಲಿ. ಹನ್ನೊಂದು ಗಂಟೆಗಿಂತ ಜಾಸ್ತಿ ಓಡಿಸುವ ಹಾಗಿಲ್ಲ, 80 ಸಾವಿರ ಪೌಂಡ್ ಮೀರುವ ಹಾಗಿಲ್ಲ, ಬ್ರೇಕು ಸರಿ ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ. ಅದೇ ಹೊತ್ತಿಗೆ, ಇಲ್ಲಿನ ಒಳಸಾಗಣೆಯನ್ನು ಬಿ-1 ಡ್ರೈವರ್‌ಗಳಿಂದ ಕಡಿಮೆ ದುಡ್ಡಿಗೆ ಮಾಡಿಸುವ ಕಂಪನಿಗಳ ಮೇಲೆ ದೂರುಗಳಿವೆಯಲ್ಲ, ಆ ಕಂಪನಿಗಳನ್ನು ಹಿಡಿಯಬೇಕು. ಬರೀ ಡ್ರೈವರನ್ನಲ್ಲ, ಅವನಿಗೆ ಲೋಡ್ ಕೊಟ್ಟವರನ್ನು. ಮೈಲಿ ಲೆಕ್ಕದಲ್ಲಿ ಸಂಬಳ ಎಣಿಸುವ ಅಮೆರಿಕನ್ ಡ್ರೈವರ್‌ನ ಭಯ ಸುಳ್ಳಲ್ಲ. "ಅಗ್ಗಕ್ಕೆ ಬಂದು ನಮ್ಮ ಕೆಲಸ ಕಿತ್ಕೋತಾರೆ" ಅನ್ನುವುದನ್ನು ಎಚ್-1ಬಿ ವಿಷಯದಲ್ಲಿ ನಾವು ಎಷ್ಟು ಸಲ ಕೇಳಿಸಿಕೊಂಡಿಲ್ಲ? ನಮಗೆ ಬೈದಾಗ ನೋವಾಗುತ್ತದೆ, ಇನ್ನೊಬ್ಬರಿಗೆ ಬೈಯುವಾಗ ಅದೇ ಮಾತು ಸಲೀಸಾಗಿ ಬಾಯಿಗೆ ಬರುತ್ತದೆ. ಅಣ್ಣನವರ ಮೇಲೆ ನನಗೆ ಬೇಸರವಿಲ್ಲ. ಅವರು ಕೇಳಿದ್ದು ಸುರಕ್ಷತೆ. ಆದರೆ ಕೆಳಗೆ ಚಪ್ಪಾಳೆ ತಟ್ಟಿದ ಕೆಲವರು ಕೇಳಿದ್ದು ಅದಲ್ಲ.

ಈಗ ಆ ಅಪಘಾತದ ವಿಷಯ. 2025ರ ಆಗಸ್ಟ್ 12ರಂದು ಫ್ಲೋರಿಡಾ ಟರ್ನ್‌ಪೈಕ್‌ನಲ್ಲಿ ಯು-ಟರ್ನ್ ಮಾಡಬಾರದ ಜಾಗದಲ್ಲಿ ಡ್ರೈವರ್ ಒಬ್ಬ ಟ್ರಕ್ ತಿರುಗಿಸಿದ್ದರಿಂದ ಮೂವರು ಸತ್ತರು. ಅವನು ಭಾರತದವನು, ಇಲ್ಲೇ ವಾಸವಿದ್ದವನು. ಆಗಸ್ಟ್ 21ರಂದು ವಿದೇಶಾಂಗ ಸಚಿವ ರೂಬಿಯೋ ಟ್ರಕ್ ಡ್ರೈವರ್‌ಗಳಿಗೆ ಕೆಲಸದ ವೀಸಾ ಕೊಡುವುದನ್ನು ನಿಲ್ಲಿಸಿದ್ದೇವೆ ಎಂದು ಘೋಷಿಸಿದರು. ಸೆಪ್ಟೆಂಬರ್ ಕೊನೆಗೆ ಸಾರಿಗೆ ಇಲಾಖೆ ವರ್ಕ್ ಪರ್ಮಿಟ್ ಮೇಲೆ ಕೊಡುವ ಲೈಸೆನ್ಸಿಗೂ ಬಿಗಿ ನಿಯಮ ತಂದಿತು, ನವೆಂಬರ್‌ನಲ್ಲಿ ಕೋರ್ಟು ಅದನ್ನು ತಡೆಹಿಡಿಯಿತು. ಅಲ್ಲಿಯವರೆಗೆ 'ಹೊರದೇಶದ ಡ್ರೈವರ್' ಅಂದರೆ ಎಲ್ಲರ ಕಣ್ಣ ಮುಂದೆ ಮೆಕ್ಸಿಕೋದವನು ಬರುತ್ತಿದ್ದ. ಅಂದಿನಿಂದ ಪೇಟ ಸುತ್ತಿದ ಪಂಜಾಬಿ ಹುಡುಗ ಬರುತ್ತಾನೆ. ಹಾಗಂತ ಆ ತಪ್ಪನ್ನು ಮುಚ್ಚಿಹಾಕುವ ಮಾತಿಲ್ಲ. ಲೈಸೆನ್ಸ್ ಕೊಟ್ಟವರು, ತರಬೇತಿ ಕೊಟ್ಟವರು, ಕೆಲಸಕ್ಕೆ ಇಟ್ಟುಕೊಂಡವರು ಎಲ್ಲರೂ ಉತ್ತರ ಹೇಳಬೇಕಾದ ವಿಷಯ ಅದು.

ಇಂಗ್ಲಿಷ್ ನಿಯಮದ ಬಗ್ಗೆ ಒಬ್ಬರು, "ಇದು ಬರೀ ದ್ವೇಷ" ಎಂದು ಬರೆದಿದ್ದರು. ನಾನು ಪೂರ್ತಿ ಒಪ್ಪುವುದಿಲ್ಲ. ಟ್ರಕ್ ಡ್ರೈವರಿಗೆ ಇಂಗ್ಲಿಷ್ ಬರಬೇಕು ಎಂಬ ನಿಯಮ ದಶಕಗಳಿಂದ ಇದೆ. 2016ರಲ್ಲಿ ಅದೊಂದೇ ಕಾರಣಕ್ಕೆ ಗಾಡಿ ನಿಲ್ಲಿಸಬೇಡಿ ಎಂದು ಸಡಿಲ ಮಾಡಿದ್ದರು. 2025ರ ಜೂನ್ 25ರಿಂದ ಮತ್ತೆ ನಿಲ್ಲಿಸುತ್ತಿದ್ದಾರೆ. ಮುಂದೆ ಲೇನ್ ಮುಚ್ಚಿದೆ, ಸೇತುವೆಯ ಎತ್ತರ ಇಷ್ಟೇ ಎನ್ನುವ ಬೋರ್ಡು ಓದಲು ಬರದವನ ಕೈಗೆ ಅಷ್ಟು ದೊಡ್ಡ ಗಾಡಿ ಕೊಡಬಾರದು. ಅದಕ್ಕೆ ಎರಡು ಮಾತಿಲ್ಲ. ನನ್ನ ಅನುಮಾನ ಇರುವುದು ರಸ್ತೆ ಬದಿಯಲ್ಲಿ ನಿಂತು ಅಳೆಯುವ ಅಧಿಕಾರಿಯ ಮೇಲೆ. ಅವರು ಅಳೆಯುವುದು ಓದುವುದನ್ನೋ, ಮಾತಿನ ಧಾಟಿಯನ್ನೋ? ಇಪ್ಪತ್ತು ವರ್ಷ ಇಲ್ಲಿದ್ದರೂ ಫೋನಿನಲ್ಲಿ ಹೆಸರು ಮೂರು ಸಲ ಹೇಳಬೇಕಾದ ನಮಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತು.

ಅಣ್ಣ, ಮಗಳ ವಿಷಯಕ್ಕೆ ಬರುತ್ತೇನೆ. ಟ್ರಕ್ ಯಾವ ದೇಶದ್ದಾದರೂ ನಮ್ಮ ಮಕ್ಕಳಿಗೆ ಕಲಿಸಬೇಕಾದದ್ದು ಒಂದೇ. ತುಂಬಿದ ಟ್ರಕ್ ನಿಲ್ಲಲು ಕಾರಿಗಿಂತ ಎಷ್ಟೋ ಜಾಸ್ತಿ ದೂರ ಬೇಕು. ದಾಟಿದ ತಕ್ಷಣ ಅದರ ಮುಂದೆ ನುಗ್ಗಬಾರದು. ಅದರ ಕನ್ನಡಿ ನಿಮಗೆ ಕಾಣದಿದ್ದರೆ ಡ್ರೈವರಿಗೂ ನೀವು ಕಾಣುವುದಿಲ್ಲ. ಬಲಗಡೆಯ ಕುರುಡು ಜಾಗ ಎಡಗಡೆಗಿಂತ ದೊಡ್ಡದು. ಟೆಕ್ಸಸ್‌ನಲ್ಲಿ ಲರ್ನರ್ ಲೈಸೆನ್ಸ್ ಹದಿನೈದಕ್ಕೇ ಸಿಗುತ್ತದೆ. ದೊಡ್ಡವರ ಜೊತೆ ಓಡಿಸಬೇಕಾದ ಮೂವತ್ತು ಗಂಟೆಯನ್ನು ಬಹಳ ಅಪ್ಪ ಅಮ್ಮಂದಿರು ಮನೆ ಸುತ್ತಿನ ಬೀದಿಗಳಲ್ಲೇ ಮುಗಿಸಿಬಿಡುತ್ತಾರೆ. ನನ್ನ ಮಗನನ್ನು ಭಾನುವಾರ ಬೆಳಿಗ್ಗೆ ಐ-35ಕ್ಕೆ ಕರೆದುಕೊಂಡು ಹೋಗಿ, ಎರಡು ಟ್ರಕ್‌ಗಳ ನಡುವಿನ ಲೇನಿನಲ್ಲಿ ಓಡಿಸಿದೆ. ಅವನ ಕೈ ಸ್ಟಿಯರಿಂಗ್‌ಗೆ ಅಂಟಿಕೊಂಡಿತ್ತು. "ಅಮ್ಮಾ ಮಾತಾಡ್ಬೇಡ, ಮಾತಾಡ್ಬೇಡ" ಅನ್ನುತ್ತಿದ್ದ. ನಾನು ಮಾತಾಡಿಯೇ ಇರಲಿಲ್ಲ! ಆದರೂ ಆ ಅಭ್ಯಾಸ ಬೇಕೇ ಬೇಕು.

ಇನ್ನು, ಲರೆಡೋದ ಬ್ರೋಕರ್ ಆಫೀಸಿನಲ್ಲಿ ಕೆಲಸ ಸಿಕ್ಕಿದೆ, ಎರಡು ಮಕ್ಕಳನ್ನು ಕಟ್ಟಿಕೊಂಡು ಹೋಗಬಹುದೇ ಎಂದು ಈ ಜಗಳದ ನಡುವೆ ಪಾಪ ಒಬ್ಬರು ಕೇಳಿದ್ದರು. ಯಾರೂ ಉತ್ತರಿಸಲಿಲ್ಲ. ಹೋಗಿ ತಮ್ಮಾ. ಗಡಿ ಸಾಗಣೆ ಇರುವ ತನಕ ಆ ಊರಿನಲ್ಲಿ ಈ ಕೆಲಸಕ್ಕೆ ಬರವಿಲ್ಲ. ಮನೆ ಬಾಡಿಗೆ ಆಸ್ಟಿನ್‌ನಷ್ಟು ಸುಡುವುದಿಲ್ಲ. ಮಕ್ಕಳು ಸ್ಪ್ಯಾನಿಷ್ ತಾನಾಗೇ ಕಲಿಯುತ್ತಾರೆ, ಊರಿನಲ್ಲಿ ಹೆಚ್ಚುಕಡಿಮೆ ಎಲ್ಲರದೂ ಅದೇ ಭಾಷೆ. ಕನ್ನಡ ಮಾತ್ರ ಮನೆಯಲ್ಲೇ ಉಳಿಸಿಕೊಳ್ಳಬೇಕು, ಆನ್‌ಲೈನ್ ತರಗತಿಗೆ ಈಗಲೇ ಹೆಸರು ಕೊಡಿ. ಸೋನಾ ಮಸೂರಿ, ಕರಿಬೇವಿಗೆ ಸ್ಯಾನ್ ಆಂಟೋನಿಯೋಗೆ ಬನ್ನಿ, ಸುಮಾರು 155 ಮೈಲಿ. ಬರುವಾಗ ಎಲ್ಲರ ಪಾಸ್‌ಪೋರ್ಟ್, ಐ-94 (ದೇಶದೊಳಗೆ ಬಂದ ದಾಖಲೆ), ಐ-797 (ವೀಸಾ ಅರ್ಜಿ ಒಪ್ಪಿದ ಪತ್ರ) ಕಾರಿನಲ್ಲೇ ಇರಲಿ. ಲರೆಡೋ ದಾಟಿ ಸುಮಾರು 29 ಮೈಲಿಗೆ ಐ-35ರ ಮೇಲೆಯೇ ಬಾರ್ಡರ್ ಪಟ್ರೋಲ್, ಅಂದರೆ ಗಡಿ ಕಾವಲಿನವರ, ಚೆಕ್‌ಪಾಯಿಂಟ್ ಇದೆ. ಗಡಿ ದಾಟದಿದ್ದರೂ ನಿಲ್ಲಿಸಿ ಕೇಳುತ್ತಾರೆ, ಹಿಂದಿನ ಸೀಟಿನ ಮಕ್ಕಳನ್ನೂ ಸೇರಿಸಿ. ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ, ಹೆದರಿಕೊಳ್ಳುವುದಿಲ್ಲ. ನಮ್ಮ ಮನೆ ಚೆಕ್‌ಪಾಯಿಂಟಿನಿಂದ ಎರಡು ಗಂಟೆ ದಾರಿ. ಊಟಕ್ಕೆ ಬರುವುದಾದರೆ ಹಿಂದಿನ ದಿನ ಮೆಸೇಜ್ ಹಾಕಿ, ಬಿಸಿಬೇಳೆಬಾತ್ ಮಾಡುತ್ತೇನೆ.